ಕಾಲೇಜು ತಂಡಕ್ಕೆ ದುಡ್ಡು ಬೇಕಾ? ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾರಿ

ಎನ್‌ಎಸ್‌ಎಸ್ ಕ್ಯಾಂಪಿಗೋ ನಾಟಕಕ್ಕೋ ದುಡ್ಡು ಸೇರಿಸಬೇಕು ಅಂತ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಅಲೆಯೋದು ಬೇಡ. ಜನವರಿ 14-15ರ ಹೊತ್ತಿಗೆ ಎಳ್ಳು ಬೆಲ್ಲ ಪ್ಯಾಕೆಟ್ ಮಾಡಿ. ಹಬ್ಬಕ್ಕೆ ಬೀರೋಕೆ ಎಲ್ಲರಿಗೂ ಬೇಕು, ಆದರೆ ಕೊಬ್ಬರಿ ಹೆಚ್ಚುತ್ತಾ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ, ಅಲ್ವಾ?

ಮೊದಲು ಆರ್ಡರ್, ಅರ್ಧ ಮುಂಗಡ, ಆಮೇಲೆ ಸಾಮಾನು. ಸುಮ್ನೆ ಅಂದಾಜಿನ ಮೇಲೆ ಮಾಡಿದರೆ ಹಬ್ಬದ ಮಾರನೇ ದಿನ ಒಬ್ಬರೂ ಕೇಳಲ್ಲ. ಸ್ಟಾಫ್ ರೂಮು, ಹಾಸ್ಟೆಲ್, ಹತ್ತಿರದ ಅಪಾರ್ಟ್‌ಮೆಂಟ್, ಇಷ್ಟು ಸಾಕು.

ಕೆಲಸ ಇರೋದು ಕೊಬ್ಬರಿ ಬೆಲ್ಲದಲ್ಲಿ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ಬಿಸಿಲಿಗೆ ಹಾಕಿ. ಬೆಲ್ಲವನ್ನೂ ಹಾಗೇ ಒಣಗಿಸಿ. ಬೆಲ್ಲ ಕತ್ತರಿಸಿ ಕೈ ಬೊಬ್ಬೆ ಬರುತ್ತೆ, ಬೆಂಗಳೂರಿನವರಾದರೆ ಗಾಂಧಿ ಬಜಾರಲ್ಲಿ ಹೆಚ್ಚಿದ್ದೇ ಸಿಗುತ್ತೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ನಾನಂತೂ ಅದನ್ನೇ ತಗೊಳ್ಳಿ ಅಂತೀನಿ. ಎಳ್ಳು, ಕಡಲೆಬೀಜ ಬೇರೆ ಬೇರೆಯಾಗಿ ಹುರಿಯಿರಿ. ಬೀಜದ ಸಿಪ್ಪೆ ಉಜ್ಜಿ ತೆಗೆಯಿರಿ. ಹುರಿಗಡಲೆ ಹಾಗೇ ಹಾಕಿದರಾಯಿತು. ಎಲ್ಲ ಪೂರ್ತಿ ಆರಿದ ಮೇಲೆ, ಹಬ್ಬಕ್ಕೆ ಎರಡು ದಿನ ಮುಂಚೆ ಬೆರೆಸಿ. ಬೇಗ ಬೆರೆಸಿದರೆ ಬೆಲ್ಲದ ಪಸೆಗೆ ಹುರಿಗಡಲೆ ಮೆತ್ತಗಾಗುತ್ತೆ.

ಸಕ್ಕರೆ ಅಚ್ಚು ಕೊಂಡು ತಂದು ಒಂದೊಂದು ಇಡಿ. ಅದು ಕಂಡರೆ ಪ್ಯಾಕೆಟ್ಟಿಗೇ ಕಳೆ. ಕಡಲೆಬೀಜ ಇದೆ ಅಂತ ಚೀಟಿ ಅಂಟಿಸಿ, ಕೆಲವರಿಗೆ ಅಲರ್ಜಿ ಇರುತ್ತೆ.

ಇನ್ನೊಂದು ಮಾತು, ಕ್ಯೂಆರ್ ಕೋಡ್ ಒಬ್ಬರದೇ ಇರಲಿ, ಲೆಕ್ಕ ಇನ್ನೊಬ್ಬರು ಬರೆಯಲಿ. ನಮ್ಮ ತಂಡದಲ್ಲಿ ಮೂರು ಜನರ ಫೋನಿಗೆ ದುಡ್ಡು ಬಂದು, ಲೆಕ್ಕ ಹೊಂದಿಸೋಷ್ಟರಲ್ಲಿ ಶಿವರಾತ್ರಿ ಬಂದಿತ್ತು.