ನೇರ ಮಾಡಿಸಿದ ಕೂದಲನ್ನು ಮರಳಿ ಗುಂಗುರಿಗೆ ಬಿಡುವವರಿಗೆ

ಪಾರ್ಲರಿನಲ್ಲಿ ಔಷಧ ಹಾಕಿಸಿ ಕೂದಲನ್ನು ನೇರ ಮಾಡಿಸಿಕೊಂಡಿದ್ದ ನಮ್ಮ ಹುಡುಗಿಯರು ಈಚೆಗೆ ಅದನ್ನು ಬಿಟ್ಟು ಹುಟ್ಟಿನಿಂದ ಬಂದ ಗುಂಗುರು ಕೂದಲನ್ನೇ ಬೆಳೆಸುತ್ತೇವೆ ಎನ್ನುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಕೆಲಸವನ್ನು ಅವರು ಮಾಡುವ ರೀತಿಯನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬುಡದಲ್ಲಿ ನಾಲ್ಕು ಬೆರಳು ಗುಂಗುರು ಬಂದು ಕೆಳಗೆಲ್ಲ ನೇರ ಉಳಿದ ಕೂಡಲೇ ಕಂಗಾಲಾಗಿ ಕೂದಲು ನೇರ ಮಾಡುವ ಇಸ್ತ್ರಿಯ ಯಂತ್ರ ಹಿಡಿಯುತ್ತಾರೆ, ಇಲ್ಲವೇ ಒಣ ತಲೆಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಜಗ್ಗುತ್ತಾರೆ. ಬಾಚಣಿಗೆಯ ತುಂಬ ಕೂದಲು ಬಂದ ಮೇಲೆ, "ಅಜ್ಜಿ, ಕೂದಲು ಉದುರುತ್ತಿದೆ" ಎಂದು ನನ್ನ ಹತ್ತಿರ ಓಡಿ ಬರುತ್ತಾರೆ. ಬುಡಸಮೇತ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟು ಇರುತ್ತದೆ. ಇವರು ಅಂಗೈಯಲ್ಲಿ ಹಿಡಿದು ತೋರಿಸುವ ತುಂಡುಗಳಲ್ಲಿ ಅದು ಇರುವುದೇ ಇಲ್ಲ. ಅವೆಲ್ಲ ನಡುವೆ ಮುರಿದವು, ಮುರಿದವರು ಅವರೇ.

ನಾವು ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ದಾರಿಯಾಗಿ ಬಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಶಿರಸಿ ಸೀಮೆಯ ಕಾಡಿನ ಅಂಚಿನಲ್ಲಿ ನೆಲೆ ನಿಂತ ಆಫ್ರಿಕದ ಹಿರಿಯರ ಕೂದಲು ನಮ್ಮದು. ನೆತ್ತಿಯಿಂದ ಹೊರಬರುವಾಗಲೇ ಸುರುಳಿ ಸುತ್ತಿಕೊಂಡು ಬರುತ್ತದೆ. ನೆತ್ತಿಯ ಜಿಡ್ಡು ಆ ಸುರುಳಿಗಳನ್ನೆಲ್ಲ ದಾಟಿ ತುದಿಯವರೆಗೆ ಇಳಿಯಲಾರದ್ದರಿಂದ ಈ ಕೂದಲು ಸ್ವಭಾವದಿಂದಲೇ ಒಣಗಲು. ಪಕ್ಕದ ಮನೆಯವರ ನೀಳ ಜಡೆಗೆ ಒಗ್ಗುವ ಉಪಚಾರ ಇದಕ್ಕೆ ಒಗ್ಗುವುದಿಲ್ಲ. ಹಾಸ್ಟೆಲಿಗೆ ಹೋದ ಮಕ್ಕಳು ಅಲ್ಲಿಯ ಗೇಲಿಮಾತಿಗೆ ಹೆದರಿ ನೇರ ಮಾಡಿಸಿಕೊಂಡರೆಂಬುದು, ಶಾಲೆಯಲ್ಲಿ ಪಾಠ ಹೇಳಿದ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅದಕ್ಕಾಗಿ ನಾನು ಯಾರನ್ನೂ ಬೈಯುವುದಿಲ್ಲ.

ಮೊದಲು ಒಂದು ವಿಷಯ ತಿಳಿದಿರಲಿ. ರೀಬಾಂಡಿಂಗ್ ಎಂದು ಪಾರ್ಲರಿನಲ್ಲಿ ಹಾಕುವ ಔಷಧವು ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ಮುರಿದು ಅದನ್ನು ನೇರವಾಗಿಯೇ ನಿಲ್ಲುವಂತೆ ಮಾಡುತ್ತದೆ. ಹಾಗೆ ನೇರವಾದ ಭಾಗ ಯಾವ ಎಣ್ಣೆಗೂ ಯಾವ ಸೊಪ್ಪಿಗೂ ಮತ್ತೆ ಗುಂಗುರಾಗುವುದಿಲ್ಲ. ಹೊಸದಾಗಿ ಬುಡದಿಂದ ಬಂದದ್ದಷ್ಟೇ ಗುಂಗುರು. ಕೆರಾಟಿನ್ ಎಂಬ ಲೇಪ ಹಚ್ಚಿಸಿಕೊಂಡವರದು ಬೇರೆ ಲೆಕ್ಕ, ಅದು ಕೆಲವು ತಿಂಗಳಲ್ಲಿ ತೊಳೆದು ಹೋಗುತ್ತದೆ. ಆದ್ದರಿಂದ ಏನು ಹಚ್ಚಿದ್ದರೆಂದು ಪಾರ್ಲರಿನವರನ್ನು ಕೇಳಿ ತಿಳಿದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಥಯೋಗ್ಲೈಕೋಲೇಟ್ ಇರುವ ಔಷಧ. ಅಮೆರಿಕದ ಕಪ್ಪು ಹೆಂಗಸರು ಕೂದಲು ನೇರ ಮಾಡಲು ಹಚ್ಚುವ ರಿಲ್ಯಾಕ್ಸರಿನಲ್ಲಿ ಹಲವು ಸಲ ಕಾಸ್ಟಿಕ್ ಸೋಡಾ ಇರುತ್ತದೆ. ಒಂದನ್ನು ಹಾಕಿಸಿದ ಕೂದಲಿನ ಮೇಲೆ ಇನ್ನೊಂದನ್ನು ತರಿಸಿ ಹಚ್ಚಿದರೆ ಕೂದಲು ಕೈಗೇ ಬರುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್, ವರ್ಷಕ್ಕೆ ಒಂದು ಗೇಣಿಗಿಂತ ಕಡಿಮೆ. ಅದೂ ಸುರುಳಿಯಾಗಿ ಮೇಲಕ್ಕೆ ಕುಗ್ಗಿ ಕೂರುವುದರಿಂದ ಅರ್ಧದಷ್ಟೂ ಕಾಣುವುದಿಲ್ಲ. "ಬೆಳೆದೇ ಇಲ್ಲ" ಎಂದು ಅಳುವ ಮೊದಲು ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡಿ.

ಧೈರ್ಯವಿದ್ದವರು ನೇರ ಭಾಗವನ್ನೆಲ್ಲ ಒಂದೇ ದಿನ ಕತ್ತರಿಸಿ ಹಾಕಬಹುದು, ಅದರಷ್ಟು ಸುಲಭವಾದದ್ದು ಬೇರೆ ಇಲ್ಲ. ಮದುವೆ ಮುಂದಿರುವವರು, ಮನೆಯವರ ಬಾಯಿಗೆ ಅಂಜುವವರು ನಿಧಾನದ ದಾರಿ ಹಿಡಿಯಲಿ. ನಾನು ಬರೆಯುತ್ತಿರುವುದು ಅವರಿಗಾಗಿ.

ನಿಧಾನದ ದಾರಿಯಲ್ಲಿ ಕೂದಲು ಹೆಚ್ಚಾಗಿ ಮುರಿಯುವುದು ಗುಂಗುರೂ ನೇರವೂ ಕೂಡುವ ಜಾಗದಲ್ಲಿ. ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬುಡದಿಂದ ಕೆಳಗೆ ಜಾರಿಸಿ: ಮೊದಲು ತೊಡರುತ್ತ ಪುಟಿಯುತ್ತ ಬರುತ್ತದೆ, ಮುಂದೆ ಒಮ್ಮೆಲೇ ನುಣುಪಾಗಿ ಜಾರುತ್ತದೆ. ಅದೇ ಗಡಿ. ಆ ಗಡಿಗೆ ಬಾಚಣಿಗೆಯ ಹಲ್ಲು ತಾಗಬಾರದು, ರಬ್ಬರ್ ಬ್ಯಾಂಡು ಬೀಳಬಾರದು.

ಅಲ್ಲಿಯ ಸಿಕ್ಕು ಬಿಡಿಸಲು ದಾಸವಾಳದ ಸೊಪ್ಪಿನ ಲೋಳೆಯೇ ಆಗಬೇಕು. ಅಂಗಡಿಯ ಕಂಡಿಷನರ್ ಸಾಲದೇ ಎಂದು ಮೊಮ್ಮಗಳು ವಾದಿಸುತ್ತಾಳೆ, ವಾದಿಸಲಿ. ಐದೆಸಳಿನ ಕೆಂಪು ದಾಸವಾಳದ ಸೊಪ್ಪನ್ನು, ತೀರ ಚಿಗುರೂ ಅಲ್ಲದೆ ಬಲಿತು ದೊರಗಾದದ್ದೂ ಅಲ್ಲದೆ, ಎರಡು ಹಿಡಿ ಕೊಯ್ದು ಮಣ್ಣು ಹೋಗುವಂತೆ ತೊಳೆಯಿರಿ. ಅಗಲ ಬಾಯಿಯ ಪಾತ್ರೆಯಲ್ಲಿ ಸೊಪ್ಪು ಮುಳುಗುವಷ್ಟು ತಣ್ಣೀರು ಹಾಕಿ ಕೈಯಿಂದಲೇ ಕಿವುಚಿ. ಮಿಕ್ಸರಿಗೆ ಹಾಕಿದರೆ ಸೊಪ್ಪು ಪುಡಿಯಾಗಿ ಸುರುಳಿಗಳೊಳಗೆ ಸಿಕ್ಕಿಕೊಳ್ಳುತ್ತದೆ, ಎರಡು ದಿನ ತಲೆಯಿಂದ ಹಸಿರು ಚೂರುಗಳನ್ನು ಹೆಕ್ಕುತ್ತಿರಬೇಕಾಗುತ್ತದೆ. ಕಿವುಚುತ್ತ ಹೋದಂತೆ ನೀರು ದಪ್ಪವಾಗಿ, ಕೈ ಎತ್ತಿದರೆ ಬೆರಳಿನಿಂದ ದಾರದಂತೆ ಇಳಿಯತೊಡಗುತ್ತದೆ. ದಾರ ನಡುವೆ ಕಡಿದರೆ ಇನ್ನೂ ಕಿವುಚಬೇಕು. ಆಮೇಲೆ ಹಳೆಯ ತೆಳು ಪಂಚೆಯಲ್ಲಿ ಒಮ್ಮೆ ಹಿಂಡಿ, ಪಂಚೆಯನ್ನು ಜಾಲಿಸಿ ಮತ್ತೊಮ್ಮೆ ಸೋಸಿ. ಒಂದೇ ಸಲ ಸೋಸಿ ಸಾಕೆಂದವರ ತಲೆಯನ್ನು ನಾನು ಮುಟ್ಟುವುದಿಲ್ಲ. ಅಂದಿನದು ಅಂದಿಗೇ ಮುಗಿಯಬೇಕು, ಮರುದಿನಕ್ಕೆ ಇಟ್ಟರೆ ನಾರುತ್ತದೆ.

ತಲೆಯನ್ನು ನಾಲ್ಕು ಪಾಲು ಮಾಡಿ ಮೂರನ್ನು ಸಡಿಲವಾಗಿ ಸುತ್ತಿಡಿ. ಉಳಿದ ಪಾಲನ್ನು ಒದ್ದೆ ಮಾಡಿ, ಲೋಳೆ ತೊಟ್ಟಿಕ್ಕುವಷ್ಟು ಧಾರಾಳವಾಗಿ ಹಾಕಿ. ಒದ್ದೆ ಕೂದಲು ಒಣಗಿದ್ದಕ್ಕಿಂತ ಸುಲಭವಾಗಿ ಹಿಗ್ಗಿ ಮುರಿಯುತ್ತದೆಂಬುದು ನಿಜ, ಆದ್ದರಿಂದಲೇ ಲೋಳೆ ಇಷ್ಟು ಬೇಕು. ಎಡಗೈಯಿಂದ ಗಡಿಯ ಮೇಲ್ಭಾಗವನ್ನು ಬಿಗಿಯಾಗಿ ಹಿಡಿಯಿರಿ, ಎಳೆತವೆಲ್ಲ ಆ ಹಿಡಿಯಲ್ಲೇ ನಿಲ್ಲಬೇಕು. ಬಲಗೈಯ ಬೆರಳುಗಳಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ, ಅದು ಬಿಟ್ಟ ಮೇಲೆ ಒಂದು ಅಂಗುಲ ಮೇಲೆ, ಮತ್ತೆ ಒಂದು ಅಂಗುಲ ಮೇಲೆ. ಕೌದಿಯನ್ನು ಅಂಚಿನಿಂದ ಆರಂಭಿಸಿ ನಡುವಿಗೆ ಹೊಲಿಯುತ್ತ ಹೋಗುವ ಹಾಗೆಯೇ ಇದು; ನಡುವಿನಿಂದ ಹೊರಟರೆ ಎಲ್ಲ ಸುಕ್ಕಾಗುತ್ತದೆ. ನನ್ನ ತಾಯಿ ನಮ್ಮನ್ನು ಬಚ್ಚಲ ಕಟ್ಟೆಯ ಮೇಲೆ ಕೂರಿಸಿ ಹೀಗೆ ಬಿಡಿಸುವಾಗ ಹಂಡೆಯ ನೀರು ಕಾದು ಮತ್ತೆ ಆರುತ್ತಿತ್ತು, ನಾವು ಅತ್ತರೂ ಅವಳ ಕೈ ಅವಸರ ಮಾಡುತ್ತಿರಲಿಲ್ಲ. ನಾಲ್ಕೂ ಪಾಲು ಮುಗಿದ ಮೇಲೆ ತೊಳೆದು, ಎರಡೆರಡು ಸಣ್ಣ ಗೊಂಚಲುಗಳನ್ನು ಒಂದಕ್ಕೊಂದು ತುದಿಯವರೆಗೆ ಹೊಸೆದು ಬಿಟ್ಟರೆ, ಪೂರ್ತಿ ಒಣಗಿ ಬಿಚ್ಚಿದಾಗ ನೇರ ತುದಿಗಳೂ ಅಲೆಯಾಗಿ ಗುಂಗುರಿನ ಜೊತೆ ಹೊಂದಿಕೊಂಡು ಕಾಣುತ್ತವೆ.

ತೆಂಗಿನೆಣ್ಣೆಯನ್ನು ತಲೆ ಮೀಯುವ ಹಿಂದಿನ ರಾತ್ರಿಯೇ ಹಚ್ಚಿ, ಅದು ಕೂದಲಿನ ಒಳಕ್ಕೆ ಇಳಿಯುವ ಎಣ್ಣೆ. ವಾರಕ್ಕೊಮ್ಮೆ ಮಿಂದರೆ ಸಾಕು. ಸೀಗೆಪುಡಿಯ ತರಿಯನ್ನು ತಲೆಗೆ ತಿಕ್ಕಬೇಡಿ, ನೆನೆಸಿ ಸೋಸಿದ ನೀರು ಹಾಕಿ. ಅಂಟುವಾಳ ನಮ್ಮ ಕೂದಲನ್ನು ಇನ್ನಷ್ಟು ಒಣಗಿಸುತ್ತದೆ. ಕಾರವಾರ, ಅಂಕೋಲೆಯ ಕಡಲಂಚಿನಲ್ಲಿ ಕೆಲಸಕ್ಕಿರುವವರ ಬಾವಿ ಬೇಸಗೆಯಲ್ಲಿ ಸವಳಾದರೆ, ಬೇಳೆ ಬೇಯದ ಆ ನೀರಿನಲ್ಲೇ ತಲೆ ಮಿಂದು ಮುಗಿಸದೆ, ಕೊನೆಯ ಎರಡು ಚೊಂಬಾದರೂ ಸಿಹಿನೀರು ತಂದು ಸುರಿದುಕೊಳ್ಳಿ.

ನೇರ ತುದಿಯನ್ನು ಎರಡು ಮೂರು ತಿಂಗಳಿಗೊಮ್ಮೆ ಒಂದಂಗುಲದಷ್ಟು ಕತ್ತರಿಸುತ್ತ ಬನ್ನಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಮೊಂಡು ಕತ್ತರಿ ಬೇಡ, ತುದಿ ಸೀಳುತ್ತದೆ. ಬಿಗಿ ಜಡೆ ಹೆಣೆದು ಹಣೆಯಂಚಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಕೂದಲು ತೆಳ್ಳಗಾಗತೊಡಗಿದರೆ, ಇಲ್ಲವೇ ನೆತ್ತಿಯಲ್ಲಿ ಔಷಧ ಸುಟ್ಟ ಗಾಯ ಮಾಯದೆ ಉಳಿದರೆ, ಸೊಪ್ಪು ಹುಡುಕುತ್ತ ಕೂರದೆ ಚರ್ಮದ ವೈದ್ಯರಿಗೆ ತೋರಿಸಿ.

ಮಳೆಗಾಲದಲ್ಲಿ ಮಾತ್ರ ಹೊಸೆದ ಕೂದಲು ಬೇಗ ಒಣಗುವುದಿಲ್ಲ. ಒದ್ದೆಯಲ್ಲೇ ತುರುಬು ಕಟ್ಟಿ ಶಿರಸಿಯ ಬಸ್ಸು ಹತ್ತಿದರೆ ಸಂಜೆಗೆ ತಲೆ ಮುಗ್ಗಲು ನಾರುತ್ತದೆ. ಬಚ್ಚಲ ಒಲೆಗೆ ತಲೆ ಹಿಡಿದರೆ ಅದಕ್ಕೂ ಇಸ್ತ್ರಿಗೂ ವ್ಯತ್ಯಾಸವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಧ್ಯಾಹ್ನಕ್ಕೆ ಮೊದಲೇ ಮಿಂದು, ಹತ್ತಿಯ ಬಟ್ಟೆಯಲ್ಲಿ ಉಜ್ಜದೆ ಒತ್ತಿ ನೀರು ತೆಗೆದು, ಒಲೆಯಿಂದ ನಾಲ್ಕು ಮಾರು ದೂರ ಬೆನ್ನು ಮಾಡಿ ಕುಳಿತುಕೊಳ್ಳಿ.