ಲಾಂಗ್‌ಜಿಂಗ್ ಎಲೆ ಕೊಳ್ಳಲು ಕಲಿತ ಕಥೆ

ಧಾರವಾಡದ ನಮ್ಮ ಮನೆಯಲ್ಲಿ ಚಾ ಅಂದ್ರೆ ಪುಡಿ, ಹಾಲು, ಸಕ್ಕರೆ ಎಲ್ಲ ಸೇರಿ ಕುದ್ದು ಕುದ್ದು ಕೆಂಪಗಾಗಬೇಕು. ಹಾಗಾಗಿ ಕೆಲಸದ ಮೇಲೆ ಚೀನಾದ ಹಾಂಗ್‌ಝೌಗೆ ಹೋದ ಮೊದಲ ವಾರ ಚಂದದ ಡಬ್ಬಿಯಲ್ಲಿದ್ದ ಲಾಂಗ್‌ಜಿಂಗ್, ಅಂದರೆ ಆ ಊರಿನ ಹೆಸರಾದ ಹಸಿರು ಚಹಾ, ತಂದು ಅದನ್ನೂ ಕುದಿಸಿಬಿಟ್ಟೆ. ಬೇವಿನ ಕಷಾಯ! ಅರ್ಧ ತಪ್ಪು ನನ್ನದು. ಉಳಿದರ್ಧ ಡಬ್ಬಿಯದು, ಒಳಗಿದ್ದದ್ದು ಹಿಂದಿನ ವರ್ಷದ ಎಲೆ ಅಂತ ಆಮೇಲೆ ಗೊತ್ತಾಯಿತು.

ನನ್ನ ಪಾಡು ನೋಡಿ ನಕ್ಕ ಸಹೋದ್ಯೋಗಿಯೊಬ್ಬರು ವೆಸ್ಟ್ ಲೇಕ್ ಆಚೆಗಿನ ಗುಡ್ಡಗಳ ನಡುವೆ ಇರುವ ಮೇಜಿಯಾವು ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಅಜ್ಜ ಕಾದ ಕಬ್ಬಿಣದ ಬಾಣಲೆಯಲ್ಲಿ ಬರಿಗೈಯಿಂದ ಎಲೆ ಒತ್ತುತ್ತಾ, ತಿರುವುತ್ತಾ ಹುರಿಯುತ್ತಿದ್ದರು. ನಮ್ಮ ಚಹಾಪುಡಿಯೂ ಇದೇ ಗಿಡದ್ದು. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ, ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಬೇಗ ಬಿಸಿ ತಾಗಿಸಿದರೆ ಹಸಿರಾಗೇ ಉಳಿಯುತ್ತದೆ, ಅಷ್ಟೇ ಗುಟ್ಟು. ಬಾಣಲೆಗೆ ಒತ್ತಿ ಒತ್ತಿ ಹುರಿಯುವುದರಿಂದಲೇ ಲಾಂಗ್‌ಜಿಂಗ್ ಎಲೆ ಚಪ್ಪಟೆ.

ಮೊದಲು ಹೀಗಿರಲಿಲ್ಲವಂತೆ. 8ನೇ ಶತಮಾನದಲ್ಲಿ ಲು ಯು ಎಂಬ ಚೀನೀ ಪಂಡಿತ ಚಹಾದ ಬಗ್ಗೆ ಪುಸ್ತಕ ಬರೆದಾಗ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ಮಾಡಿಡುತ್ತಿದ್ದರು. ಸಾಂಗ್ ರಾಜರ ಕಾಲದಲ್ಲಿ ಪುಡಿ ಮಾಡಿ ಬಟ್ಟಲಲ್ಲಿ ಕಡೆದು ಕುಡಿದರು. 1391ರಲ್ಲಿ ಮಿಂಗ್ ದೊರೆ ಝು ಯುವಾನ್‌ಝಾಂಗ್, ಬಡ ರೈತರ ಮನೆಯಲ್ಲಿ ಹುಟ್ಟಿದವನು, ಅರಮನೆಗೆ ಬಿಲ್ಲೆ ಕಳಿಸಬೇಡಿ, ಬಿಡಿ ಎಲೆ ಕಳಿಸಿ ಅಂದುಬಿಟ್ಟ. ಬಿಸಿನೀರಲ್ಲಿ ಎಲೆ ನೆನೆಸಿ ಕುಡಿಯುವುದು ಎಲ್ಲ ಕಡೆ ಹರಡಿದ್ದು ಆಮೇಲೆ. ಅಂದಹಾಗೆ ಚೀನಾದವರೂ ಚಹಾಕ್ಕೆ ಚಾ ಅಂತಲೇ ಅನ್ನುತ್ತಾರೆ, ನಮ್ಮ ಧಾರವಾಡದವರ ಹಾಗೆ!

ಈಗ ನಾನು ಕೊಳ್ಳುವಾಗ ಮೊದಲು ಕೇಳುವುದು ಯಾವಾಗ ಕಿತ್ತದ್ದು ಅಂತ. ಏಪ್ರಿಲ್ 5ರ ಆಸುಪಾಸು ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಎಳೆ ಚಿಗುರಿಗೆ ಬೆಲೆ ವಿಪರೀತ. ಅದನ್ನು ಉಡುಗೊರೆ ಕೊಡುವವರು ಕೊಳ್ಳಲಿ. ನಾನು ಹಬ್ಬ ಕಳೆದು ಏಪ್ರಿಲ್ 20ರೊಳಗೆ ಕಿತ್ತದ್ದನ್ನು ತರುತ್ತೇನೆ, ರುಚಿ ಸ್ವಲ್ಪ ಜಾಸ್ತಿ ಗಟ್ಟಿ, ಹಾಲಿನ ಚಾ ಕುಡಿದು ಬೆಳೆದ ನಾಲಿಗೆಗೆ ಅದೇ ಸರಿ. ಬಣ್ಣ ಗಿಳಿಹಸಿರು ಇದ್ದರೆ ನನಗೆ ಅನುಮಾನ, ಒಳ್ಳೆಯದರಲ್ಲಿ ತುಸು ಹಳದಿ ಬೆರೆತಿರುತ್ತದೆ. ಬೆರಳಲ್ಲಿ ಮುರಿದರೆ ಚಟ್ ಅನ್ನಬೇಕು, ಬಾಗಿದರೆ ತೇವ ಹಿಡಿದಿದೆ. ಮೂಗಿಗೆ ಹುರಿದ ಹೆಸರುಬೇಳೆಯ ಘಮ ಬರಬೇಕು. ಆದರೆ ನಿಜವಾದ ಪರೀಕ್ಷೆ ನೆನೆದ ಮೇಲೆ. ಅಂಗಡಿಯವರು ರುಚಿ ನೋಡಲು ಕೊಟ್ಟರೆ ನಾನು ಕುಡಿದು ಸುಮ್ನೆ ಎದ್ದು ಬರುವುದಿಲ್ಲ, ತಳದ ಎಲೆ ತೆಗೆದು ಬಿಡಿಸಿ ನೋಡುತ್ತೇನೆ. ಒಂದು ಮೊಗ್ಗು, ಜೊತೆಗೆ ಒಂದೆರಡು ಎಲೆ, ಇಡಿಯಾಗಿ ಇದ್ದರೆ ಸರಿ. ಬರೀ ಚೂರು, ಕಡ್ಡಿ ಇದ್ದರೆ ನಮಸ್ಕಾರ.

ಮನೆಯಲ್ಲಿ ಗಾಜಿನ ಲೋಟಕ್ಕೆ 3 ಗ್ರಾಂ ಎಲೆ, 80 ಡಿಗ್ರಿಯ ನೀರು. ಸೋಸುವುದಿಲ್ಲ. ಲೋಟದಲ್ಲಿ ಸ್ವಲ್ಪ ಉಳಿದಿರುವಾಗಲೇ ಮತ್ತೆ ನೀರು ಹೊಯ್ಯುತ್ತೇನೆ, ಮೂರು ಸಲ ಬರುತ್ತದೆ.

ಉಳಿದದ್ದು ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ. ಈ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಒಮ್ಮೆ ಊರಿಗೆ ತಂದದ್ದನ್ನು ಬರೀ ಕಾಗದದ ಪೊಟ್ಟಣದಲ್ಲೇ ಅವ್ವನ ಇಂಗಿನ ಡಬ್ಬಿಯ ಪಕ್ಕ ಇಟ್ಟು 50 ಗ್ರಾಂ ಕೆಡಿಸಿದೆ. ಒಗ್ಗರಣೆ ವಾಸನೆಯ ಲಾಂಗ್‌ಜಿಂಗ್ ಕುಡಿದವನು ನಾನೊಬ್ಬನೇ ಇರಬೇಕು.