ತೋಟದೊಳಗೆ ಗ್ಯಾಸ್ ಪೈಪ್‌ಲೈನ್ ಬಂದ್ರೆ ಏನ್ ಮಾಡ್ಬೇಕು

ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಲೈನ್ ಉದ್ಘಾಟನೆ ಆಗಿದ್ದು 2021ರ ಜನವರಿಯಲ್ಲಿ, ಅದು ನಮ್ಮ ಘಟ್ಟದ ಕೆಳಗೇ ಹೋಯ್ತು. ಕೊಡಗಲ್ಲಿ ಯಾರ ತೋಟಕ್ಕಾದ್ರೂ ಸರ್ವೆಯವ್ರು ಬಂದ್ರೆ ಗೊತ್ತಿರ್ಲಿ ಅಂತ ಬರೀತಿದೀನಿ.

ಇದಕ್ಕೆಲ್ಲ ಬುಡ 1962ರ ಪೈಪ್‌ಲೈನ್ ಕಾಯ್ದೆ. ಜಾಗ ನಿಮ್ದೇ ಇರ್ತದೆ, ಅವ್ರು ತಗೊಳ್ಳೋದು ಬಳಕೆ ಹಕ್ಕು ಮಾತ್ರ. ಆದ್ರೆ ಪೈಪ್ ಹೋಗೋ ಆ ಜಾಗದ ಪಟ್ಟಿ ಮೇಲೆ ಆಮೇಲೆ ಮನೆ, ಬಾವಿ, ಕೆರೆ ಮಾಡಂಗಿಲ್ಲ, ಮರ ನೆಡಂಗಿಲ್ಲ. ಗದ್ದೆಯವ್ರಿಗೆ ಪರ್ವಾಗಿಲ್ಲ, ಮತ್ತೆ ಭತ್ತ ಹಾಕ್ಬೋದು, ಆದ್ರೆ ಸಿಲ್ವರ್ ಓಕಿಗೆ ಮೆಣಸು ಹಬ್ಸಿ ಕೆಳಗೆ ಕಾಫಿ ಇಟ್ಟವ್ರಿಗೆ ನೆರಳೇ ಹೋಯ್ತಲ್ಲ!

ನೋಟಿಫಿಕೇಶನ್ ಬಂದ್ರೆ 21 ದಿನದೊಳಗೆ ಆಕ್ಷೇಪಣೆ ಬರವಣಿಗೇಲೇ ಕೊಡಿ, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅದಕ್ಕೂ ಮುಂಚೆ ಆರ್‌ಟಿಸಿ (ಪಹಣಿ) ತೆಗೆದು ನೋಡಿ, ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಕುಟುಂಬದ ಜಮೀನು) ಆದ್ರೆ ಹೆಚ್ಚಾಗಿ ಪಟ್ಟೇದಾರ್ರ, ಅಂದ್ರೆ ಕುಟುಂಬದ ಪರವಾಗಿ ದಾಖಲೆಯಲ್ಲಿರೋ ಹಿರಿಯರ ಹೆಸರಲ್ಲೇ ಇರ್ತದೆ, ಎಷ್ಟೋ ಸಲ ಅವ್ರು ತೀರ್ಕೊಂಡು ಮೂವತ್ತು ವರ್ಷ ಆಗಿರ್ತದೆ, ಆಮೇಲೆ ಪರಿಹಾರದ ಹೊತ್ತಿಗೆ ಒಕ್ಕದವ್ರೆಲ್ಲ (ಒಂದೇ ಮನೆತನದವ್ರು) ಐನ್‌ಮನೆ, ಅಂದ್ರೆ ಮೂಲ ಮನೆ ಜಗಲೀಲಿ ಕೂತು ಜಗಳ.

ಮರ, ಮೆಣಸಿನ ಬಳ್ಳಿ, ಕಾಫಿ ಗಿಡ ಒಂದೊಂದೇ ಎಣಿಸಿ ಫೋಟೋ ತೆಗೀರಿ. ಬೆಳೆ ನಷ್ಟ ಬೇರೆ, ಜಾಗದ ಮಾರ್ಕೆಟ್ ಬೆಲೆಯ ಶೇ. 10 ಬೇರೆ, ಎರಡೂ ಸಿಗ್ಬೇಕು. ಒಪ್ಪಿಗೆ ಆಗ್ಲಿಲ್ವಾ, ಜಿಲ್ಲಾ ನ್ಯಾಯಾಧೀಶರ ಹತ್ರ ಹೋಗ್ಬೋದು.

ಅಗೆಯೋ ದಿನ ನೀವೇ ಅಲ್ಲಿ ನಿಂತ್ಕೊಳ್ಳಿ. ಮೇಲಿನ ಕಪ್ಪು ಮಣ್ಣು ಒಂದ್ಕಡೆ, ಕೆಳಗಿನ ಕೆಂಪು ಮಣ್ಣು ಇನ್ನೊಂದ್ಕಡೆ ರಾಶಿ ಹಾಕ್ಸಿ, ಮುಚ್ಚೋವಾಗ ಕಪ್ಪು ಮೇಲೆ ಬರ್ಬೇಕು. ಮಳೆಗಾಲಕ್ಕೆ ಮುಂಚೆ ಮುಚ್ಚಿಸ್ಕೊಳ್ಳಿ, ಇಲ್ಲಾಂದ್ರೆ ಜೂನಲ್ಲಿ ಆ ಚರಂಡಿ ತೋಡಾಗಿ ಹರೀತದೆ.